ಕಾದ ಗಾಲಿ

೯ ಫೆಬ್ರುವರಿ ೧೯೯೪, ಬುಧವಾರ. ಆಳಂದ

ಅಣ್ಣನನ್ನು ಇವತ್ತು ಸೊಲ್ಲಾಪುರದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಆಳಂದ–ಸೊಲ್ಲಾಪುರ ಬಸ್ಸು ಓಡಿಸುತ್ತಲೇ ಕೂದಲು ಹಣ್ಣಾದ ಮನುಷ್ಯ ಅದೇ ದಾರಿಯಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿ ಬಂದ. ಒಂದು ತಿರುವಿನಲ್ಲಿ ಜೀಪಿನವನು ಗಕ್ಕನೆ ನಿಧಾನ ಮಾಡಿದಾಗ, "ಲೇ, ಗೇರ್ ಇಳಸೋ. ಬ್ರೇಕ್ ಯಾಕ ಒತ್ತಾಕತ್ತಿ?" ಎಂದು ಮಲಗಿದಲ್ಲಿಂದಲೇ ಬೈದ. ಅವನ ಹೆಂಡತಿ ಭಾಗಮ್ಮ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹೊಲಗಳನ್ನು ನೋಡುತ್ತ ಕೂತೆ.

ಬರೆದರೆ ತಲೆ ಹಗುರಾದೀತು ಎಂದು ಬರೆಯುತ್ತಿದ್ದೇನೆ. ನಡೆದದ್ದು ಇಷ್ಟು. ನಾನು ಮುಂಬಯಿಯಲ್ಲಿ ಒಂದು ಕಂಪನಿಯ ಸ್ವಂತ ವಿಮಾನದ ಆಫೀಸಿನಲ್ಲಿದ್ದೇನೆ. ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎಣ್ಣೆ ತುಂಬಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಹನ್ನೆರಡು ಜನ ಕೂರುವ ಜೆಟ್ ಅದು, ಆದರೆ ಮುಂಬಯಿಯಿಂದ ಲಂಡನ್ನಿಗೆ ಎಲ್ಲೂ ಇಳಿಯದೆ ಹೋಗುತ್ತದೆ. ಹೋದ ತಿಂಗಳು ಒಂದು ಗುರುವಾರ, ಲಂಡನ್ನಿಗೆ ಹೊರಡುವ ಮೊದಲು ಗಾಣಗಾಪುರದ ದತ್ತನ ದರ್ಶನ ಆಗಲೇಬೇಕು ಎಂದರು ಕಂಪನಿಯ ಸೇಠರು. ಬೆಳಿಗ್ಗೆ ಸೊಲ್ಲಾಪುರದವರೆಗೆ ವಿಮಾನ, ಅಲ್ಲಿಂದ ಕಾರು, ಸಂಜೆ ಮತ್ತೆ ಮುಂಬಯಿ, ಅಲ್ಲಿಂದ ಲಂಡನ್. ಆ ಕಡೆಯ ಭಾಷೆ ಬಲ್ಲವಳೆಂದು ನನ್ನನ್ನೂ ಕರೆದುಕೊಂಡರು. ಅವತ್ತು ಬಸ್ಸು ತಂದು ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ ಅಣ್ಣ, ಮರಳಿ ಹೊರಡುವ ಮೊದಲು ತಂಗಿಯ ವಿಮಾನ ನೋಡಲು ಬಂದ. ಇಳಿದ ವಿಮಾನದ ಬ್ರೇಕು ಕಾದು ಕೆಂಡವಾಗಿತ್ತು. ಬಸ್ಸಿನ ಬ್ರೇಕು ಕಾದರೆ ಡ್ರೈವರುಗಳು ನೀರು ಹಾಕುತ್ತಾರಲ್ಲ, ಇವನೂ ಹಾಗೇ ಒಂದು ಬಕೀಟು ನೀರು ತಂದು ಗಾಲಿಗೆ ಸುರಿದ. ಗಾಲಿ ಸಿಡಿಯಿತು.

ನಾನು ಆಚೆ ಸೇಠರ ಹತ್ತಿರ ಇದ್ದೆ. ನನಗೇನೂ ಕಾಣಲಿಲ್ಲ.

೧೧ ಫೆಬ್ರುವರಿ, ಶುಕ್ರವಾರ

ವೈನಿ ನನ್ನನ್ನು ಇನ್ನೂ ಬೀಗರ ಹಾಗೆ ನೋಡಿಕೊಳ್ಳುತ್ತಾಳೆ. ಮನೆಯಲ್ಲಿರುವ ಒಂದೇ ಕುರ್ಚಿ ನನಗೆ. ನನಗೆ ಕುಡಿಯಲು ನೀರು ಕಾಯಿಸಿ ಆರಿಸಿ ಇಡುತ್ತಾಳೆ. ತಟ್ಟೆ ತೊಳೆಯಲು ಎದ್ದರೆ, "ಕುಂದರ್ರಿ ಬಾಯಾರ, ಬಾಂಬೇದಾಗ ಇದ್ದವರು ನೀವು. ನಾ ಇಲ್ಲೇನು?" ಅನ್ನುತ್ತಾಳೆ. ಕೂತಿದ್ದೆ. ಈ ಊರಿನ ಸೊಳ್ಳೆ, ಈ ಕರೆಂಟು, ಏನು ಹೇಳಲಿ.

ಒಂದು ಮಾತು ಸ್ಪಷ್ಟವಾಗಿ ಬರೆದಿಡುತ್ತೇನೆ. ನನ್ನ ಲೆಕ್ಕ ತಪ್ಪಿರಲಿಲ್ಲ. ದೂರ ಹೋಗುವ ವಿಮಾನಕ್ಕೆ ಎಣ್ಣೆ ತುಂಬುವುದೆಂದರೆ ಬಸ್ಸಿಗೆ ಡೀಸೆಲ್ ಹಾಕಿಸಿದಂತಲ್ಲ. ಎದುರುಗಾಳಿಗೆ ಎಷ್ಟು, ಇಳಿಯುವ ಊರಲ್ಲಿ ಮಂಜು ಕವಿದರೆ ಪಕ್ಕದ ಊರಿಗೆ ಹೋಗಲು ಎಷ್ಟು, ಅಪ್ಪಣೆ ಸಿಗುವವರೆಗೆ ಆಕಾಶದಲ್ಲೇ ಸುತ್ತು ಹಾಕಲು ಎಷ್ಟು, ಎಲ್ಲ ನೋಡಬೇಕು. ಕಡಿಮೆಯಾದರೆ ಅಪಾಯ. ಹೆಚ್ಚಾದರೆ ತೂಕ. ಸೊಲ್ಲಾಪುರಕ್ಕೆ ಹೋಗಿ ಬರಲು ಸ್ವಲ್ಪ ಎಣ್ಣೆ ಸಾಕಿತ್ತು, ನಿಜ. ಆದರೆ ಸಂಜೆ ಮುಂಬಯಿಯಲ್ಲಿ ಎಣ್ಣೆಯ ಲಾರಿಗೆ ಕಾಯುತ್ತ ಕೂತರೆ ಹೊತ್ತು ಹಾಳು. ಅದಕ್ಕೇ ಲಂಡನ್ನಿಗೆ ಬೇಕಾದದ್ದರಲ್ಲಿ ಬಹುಪಾಲನ್ನು ಬೆಳಿಗ್ಗೆಯೇ ತುಂಬಿಸಿದೆ. ಹಾಗೆ ಉಳಿದ ಹೊತ್ತನ್ನು ಸೊಲ್ಲಾಪುರಕ್ಕೆ ಕೊಟ್ಟೆ, ಸೇಠರಿಗೆ ನಿಧಾನವಾಗಿ ದರ್ಶನವಾಗಲಿ ಎಂದು. ತೂಕ ಪುಸ್ತಕದ ಮಿತಿಯ ಒಳಗೇ ಇತ್ತು. ಅಂಚಿನಲ್ಲಿತ್ತು, ಆದರೂ ಒಳಗೇ. ಕ್ಯಾಪ್ಟನ್ ನೋಡಿ ಒಪ್ಪಿದ್ದರು.

ಭಾರದ ವಿಮಾನ, ಗಿಡ್ಡ ರನ್‌ವೇ. ಬ್ರೇಕನ್ನು ಜೋರಾಗಿ ಹಿಡಿಯಬೇಕಾಯಿತು. ಗಾಲಿಯೊಳಗೆ ಒತ್ತೊತ್ತಾಗಿ ಇರುವ ತಟ್ಟೆಗಳು ಒಂದನ್ನೊಂದು ಉಜ್ಜಿ ಅಷ್ಟೂ ವೇಗವನ್ನು ಬಿಸಿಯಾಗಿ ನುಂಗುತ್ತವೆ. ವಿಮಾನ ನಿಂತ ಮೇಲೂ ಆ ಬಿಸಿ ಗಾಲಿಗೆ ಏರುತ್ತಲೇ ಇರುತ್ತದೆ. ಅರ್ಧ ಗಂಟೆ ಹತ್ತಿರ ಹೋಗದೆ ಬಿಟ್ಟರೆ ತಾನೇ ತಣಿಯುತ್ತದೆ. ತಣ್ಣೀರು ಬಿದ್ದರೆ ಲೋಹ ಬಿರಿಯುತ್ತದೆ. ಬಸ್ಸಿನ ಡ್ರೈವರಿಗೆ ಇದು ಹೇಗೆ ಗೊತ್ತಿರಬೇಕು?

೧೪ ಫೆಬ್ರುವರಿ, ಸೋಮವಾರ

ಬೆಳಗಾದರೆ ಶುರು. ವೈನಿ ಕಸ ಗುಡಿಸುತ್ತ ಬೈಯುತ್ತಾಳೆ, ಹಿಟ್ಟು ಸೋಸುತ್ತ ಬೈಯುತ್ತಾಳೆ.

"ನಿಮಗ ಯಾರು ಹೇಳಿದ್ರುರಿ ನೀರ ಹಾಕಂತ? ಅದೇನು ನಿಮ್ಮ ಡಿಪೋದ ಗಾಡಿ ಏನು? ನಿಮ್ಮಪ್ಪ ಇಟ್ಟು ಹೋದ ಗಾಡಿ ಏನು?"

"ಬುದ್ಧಿ ಇರಲಿಲ್ಲ ಬಿಡು," ಅನ್ನುತ್ತಾನೆ ಅಣ್ಣ.

"ಈಗ ಬಂತೇನ್ರಿ ಬುದ್ಧಿ? ಕಾಲ ಹೋದ ಮ್ಯಾಲ ಬಂತು! ಆ ಹುಡುಗಿ ಎಷ್ಟು ಕಷ್ಟಪಟ್ಟು ನೌಕ್ರಿ ಹಿಡದಾಳ, ಆಕಿ ಸಾಹೇಬ್ರ ಮುಂದ ಆಕಿ ಮಾರಿ ಕೆಡಿಸಿದ್ರಿ."

ಆ ಹುಡುಗಿ ಅಂದರೆ ನಾನು. ಕುರ್ಚಿಯಲ್ಲಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದೆ. ಅಣ್ಣ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಚಹಾ ಪೂರ್ತಿ ಕುಡಿದೆ.

೧೯ ಫೆಬ್ರುವರಿ, ಶನಿವಾರ

ಅಣ್ಣನ ಬಸ್ಸಿನ ಕಂಡಕ್ಟರ್ ಖಾದರಸಾಬರು ಬಂದಿದ್ದರು. ಬಾಗಿಲಲ್ಲೇ, "ಏನಪಾ ಪೀರಪ್ಪ, ನಿನ್ನ ಹೆಸರು ಈಗ ಏನಾಗ್ಯಾದ ಗೊತ್ತೇನು? ವಿಮಾನಕ್ಕ ಜಳಕ ಮಾಡ್ಸಿದಾಂವ!" ಅಂದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅಣ್ಣನೇ. ಬಸ್‌ಸ್ಟ್ಯಾಂಡಿನಲ್ಲಿ, ಚಹಾದ ಅಂಗಡಿಯಲ್ಲಿ, ಎಲ್ಲ ಕಡೆ ಇದೇ ಮಾತಂತೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವನಿಗೆ. ಟವೆಲಿನಿಂದ ಬಹಳ ಹೊತ್ತು ಒರೆಸಿಕೊಂಡ.

ಹೊರಡುವಾಗ ಖಾದರಸಾಬರು ನನ್ನನ್ನು ಅಂಗಳಕ್ಕೆ ಕರೆದರು. "ತಂಗಿ, ಡಿಪೋದಾಗ ಕುಂತು ಮಾಡೋ ಕೆಲಸ ಕೊಟ್ರ ಕೊಡಬಹುದು ಅಂತಾರ. ಆದ್ರ ಇಂವ ಡ್ಯೂಟಿ ಬಿಟ್ಟು ಹೋಗಿ, ತನ್ನ ಹುಚ್ಚಾಟಕ್ಕ ತಾನ ಕಾಲ ಕಳಕೊಂಡಾನ ಅಂತ ನಿಮ್ಮ ಕಂಪನಿಯವರು ಬರೆದ್ರ ಕಷ್ಟ ಅದ. ಯಾರರೆ ಜವಾಬ್ದಾರಿ ಮನುಷ್ಯಾರು 'ಹಾಕು' ಅಂದಿದ್ರ ಬ್ಯಾರೆ ಮಾತು. ಇಂವ ನೋಡಿದ್ರ ಯಾರನ್ನೂ ಕೇಳಿಲ್ಲ ಅಂತ ಪೊಲೀಸರ ಮುಂದ ಹೇಳಿ ಕುಂತಾನ."

"ಹೌದ್ರಿ," ಅಂದೆ. ಬೇರೆ ಏನು ಅನ್ನಬೇಕಿತ್ತು?

೨೦ ಫೆಬ್ರುವರಿ, ಭಾನುವಾರ

ತಲೆನೋವು. ಬರೆಯಲಾರೆ.

೨೪ ಫೆಬ್ರುವರಿ, ಗುರುವಾರ

ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಮಾತಾಡಿದೆ. ಕ್ಯಾಪ್ಟನ್ ಬಹಳ ಮೃದುವಾಗಿ ಮಾತಾಡಿದರು. ಕಂಪನಿಯಿಂದ ಇನಾಮದಾರ ಅನ್ನುವ ಅಧಿಕಾರಿ ಆಳಂದಕ್ಕೆ ಬರುತ್ತಾರಂತೆ. ಅಣ್ಣ ಹೇಳಿದ್ದನ್ನೇ ಮತ್ತೊಮ್ಮೆ ಬರೆದುಕೊಳ್ಳುತ್ತಾರಂತೆ. ನೀನೂ ಅದಕ್ಕೆ ಹೂಂ ಅಂದರೆ ಮುಗಿಯಿತು, ನಿನ್ನ ಕುರ್ಚಿ ನಿನಗಾಗಿ ಕಾಯುತ್ತಿದೆ ಎಂದರು. ಎಷ್ಟು ಒಳ್ಳೆಯವರು ಅನ್ನಿಸಿ ಥ್ಯಾಂಕ್ಯೂ ಹೇಳಿದೆ. ಅವತ್ತು ತಾವು ನನಗೆ ಹೇಳಿದ್ದ ಮಾತನ್ನು ಅವರು ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.

ಮನೆಗೆ ಬಂದು ಅಣ್ಣನ ಕಾಲಿನ ಪಟ್ಟಿ ಬದಲಿಸಿದೆ. ಹೋದ ವಾರದಿಂದ ಅದು ನನ್ನ ಕೆಲಸ. ಇವತ್ತು ವೈನಿ ಹೊಲಕ್ಕೆ ಹೋಗಿದ್ದಳು, ಅಡುಗೆಯೂ ನನ್ನದೇ. ರೊಟ್ಟಿ ಬಡಿಯುವುದು ಮರೆತೇಹೋಗಿದೆ, ಅಂಚು ಹರಿಯುತ್ತವೆ. ಅಣ್ಣ, "ಇದು ಇಂಡಿಯಾ ನಕ್ಷೆ ಅದ ಏನು ತಂಗಿ?" ಅಂದ. ಎರಡು ತಿಂದ.

೨೭ ಫೆಬ್ರುವರಿ, ಭಾನುವಾರ

ಏನೂ ಕಾಣಲಿಲ್ಲ ಎಂದು ಮೊದಲ ದಿನ ಬರೆದೆನಲ್ಲ, ಅದು ಸುಳ್ಳು. ನನ್ನದೇ ಪುಸ್ತಕ, ನನ್ನದೇ ಕೈ, ಓದುವವರು ಯಾರೂ ಇಲ್ಲ. ಆದರೂ ಸುಳ್ಳು ಬರೆದೆ. ಥೂ ನನ್ನ ಜನ್ಮಕ್ಕೆ.

ವಿಮಾನ ನಿಂತ ಕೂಡಲೇ ಕ್ಯಾಪ್ಟನ್ ನನಗೆ ಹೇಳಿದರು: "ಬ್ರೇಕು ವಿಪರೀತ ಕಾದಿದೆ. ಗಾಲಿಯ ಹತ್ತಿರ ಒಂದು ನರಪಿಳ್ಳೆಯೂ ಹೋಗಬಾರದು. ನಿಮ್ಮ ಭಾಷೆಯಲ್ಲಿ ಎಲ್ಲರಿಗೂ ಹೇಳು." ಸರಿ ಸರ್ ಅಂದೆ. ಹೇಳಲು ಹೊರಟಿದ್ದೆ ಕೂಡ. ಅಷ್ಟರಲ್ಲಿ ಸೇಠರ ಜೊತೆ ಬಂದಿದ್ದ ಸೇಠಾಣಿ ಕರೆದು, ಗಾಣಗಾಪುರದಲ್ಲಿ ಯಾವ ಹೂ ಏರಿಸುತ್ತಾರೆ ಎಂದು ಕೇಳಿದರು. ಅಣ್ಣ ಖಾಕಿ ಅಂಗಿಯಲ್ಲೇ ಬಂದ. ಒಳಗೆ ಬಿಡಿ ಎಂದು ಗೇಟಿನವನಿಗೆ ನಾನೇ ಹೇಳಿಟ್ಟಿದ್ದೆ. ಅವನು ವಿಮಾನದ ಸುತ್ತ ಒಂದು ಸುತ್ತು ಹಾಕಿ, ಮೂಗು ಏರಿಸಿ, ನೇರ ನನ್ನ ಬಳಿ ಬಂದ.

"ತಂಗಿ, ಬ್ರೇಕ್ ಸುಟ್ಟ ವಾಸನಿ ಬರಾಕತ್ತದ. ಗಾಲಿ ಭಾಳ ಕಾದಾವ. ನೀರ ಹಾಕ್ಲೇನು?"

"ಹೂಂ, ಹಾಕು. ಇಲ್ಲಿ ನಿಲ್ಲಬ್ಯಾಡ, ಹೋಗು," ಅಂದೆ.

ಕಿವಿಯಾರೆ ಕೇಳಿ, ಬಾಯಾರೆ ಹೇಳಿದೆ. ಆ ಗಾಲಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಆ ಮೈದಾನದಲ್ಲಿ ಕ್ಯಾಪ್ಟನ್ ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಅವನು ಅಲ್ಲಿಂದ ಹೋದರೆ ಸಾಕಾಗಿತ್ತು ನನಗೆ.

ಎಣ್ಣೆಯ ವಿಷಯವೂ ಹಾಗೇ. ಸೇಠರ ದರ್ಶನವಂತೆ! ಹೊತ್ತು ಉಳಿಸಿದ್ದು ಅಣ್ಣನನ್ನು ಒಳಗೆ ಹತ್ತಿಸಿ ಆ ತೊಗಲಿನ ಕುರ್ಚಿಯಲ್ಲಿ ಕೂರಿಸಿ ಬೀಗಬೇಕು ಎಂದು. ಆ ಜಂಬದ ತೂಕವನ್ನೇ ಬ್ರೇಕು ಹೊತ್ತದ್ದು.

ಇವತ್ತು ಪಟ್ಟಿ ಕಟ್ಟುತ್ತ ಕೇಳಿದೆ, "ಅಣ್ಣಾ, ಪೊಲೀಸರಿಗೆ ಯಾರನ್ನೂ ಕೇಳಿಲ್ಲ ಅಂತ ಯಾಕ ಹೇಳಿದಿ?"

"ಸಾವಕಾಶ ಕಟ್ಟು. ಬಿಗಿ ಆಗಾಕತ್ತದ."

"ನಾ ಹಾಕು ಅಂದಿದ್ದೆ."

ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅಂದಿದ್ದಿ, ಬಿಡು. ನಮ್ಮ ಮನ್ಯಾಗಿಂದ ಒಬ್ಬಾಕಿ ವಿಮಾನದ ತನಕ ಹೋಗ್ಯಾಳ. ನನ್ನ ಕಾಲ ಹೋತು, ನಿನ್ನ ನೌಕ್ರಿ ಯಾಕ ಹೋಗಬೇಕು? ಬಾಯಿ ಮುಚಗೊಂಡು ಬಾಂಬೇಕ ಹೋಗು."

ಸಮಾಧಾನವಾಯಿತು ನನಗೆ. ಇದನ್ನೂ ಬರೆದಿಡಬೇಕು. ಒಂದು ಗಳಿಗೆ ನಿಜವಾಗಿಯೂ ಸಮಾಧಾನವಾಯಿತು.

೪ ಮಾರ್ಚ್, ಶುಕ್ರವಾರ

ಘತ್ತರಗಿಗೆ ಹೋಗಿದ್ದೆವು, ವೈನಿ ಮತ್ತು ನಾನು. ಅಫಜಲಪುರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋದೆವು. ಭೀಮಾ ನದಿಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ವೈನಿ ಭಾಗ್ಯವಂತಿ ದೇವಿಯ ಮುಂದೆ ಸೆರಗೊಡ್ಡಿ ನಿಂತಳು. ಜನ ನೋಡುತ್ತಿದ್ದರೂ ಗಟ್ಟಿಯಾಗಿಯೇ ಬೇಡಿದಳು.

"ಯವ್ವಾ, ನನ್ನ ಗಂಡ ಬುದ್ಧಿಗೇಡಿ ಅದಾನ. ಯಾರನ್ನೂ ಕೇಳಲಾರದ ಮಂದಿ ಒಡವಿಗೆ ಕೈ ಹಚ್ಚಿದ. ಅವನ ತಪ್ಪು ಹೊಟ್ಯಾಗ ಹಾಕ್ಕೋ. ಉಳಿದ ಒಂದು ಕಾಲರೆ ಕಾಯಿ ನನ್ನವ್ವ."

ನಾನು ಪಕ್ಕದಲ್ಲಿ ಕೈ ಮುಗಿದು ನಿಂತಿದ್ದೆ. ಅವಳ ಸೀರೆಯ ನೀರು ನನ್ನ ಪಾದದ ಮೇಲೆ ಹನಿಯುತ್ತಿತ್ತು.

ಬರುವಾಗ ಬಸ್ಸಿನಲ್ಲಿ ತೆಂಗಿನಕಾಯಿ ಒಡೆದ ಹೋಳುಗಳಲ್ಲಿ ದೊಡ್ಡದನ್ನು ನನಗೇ ಕೊಟ್ಟಳು. "ನೀವು ಇದ್ದದ್ದಕ್ಕ ನಾ ಇಷ್ಟು ಗಟ್ಟಿ ಅದೇನ್ರಿ ಬಾಯಾರ. ಇಲ್ಲಂದ್ರ ಹುಚ್ಚಿ ಆಗ್ತಿದ್ದೆ," ಅಂದಳು. ಆಳಂದ ಬರುವವರೆಗೂ ಆ ಕೊಬ್ಬರಿ ಕೈಯಲ್ಲೇ ಇತ್ತು.

೮ ಮಾರ್ಚ್, ಮಂಗಳವಾರ

ಇನಾಮದಾರರು ಬಂದರು, ಹೋದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಇನಾಮದಾರರು ಹಿಂದಿಯಲ್ಲಿ ಕೇಳುವುದು, ಅಣ್ಣ ತನ್ನ ಉರ್ದುವಿನಲ್ಲಿ ಹೇಳುವುದು ಕೇಳಿಸುತ್ತಿತ್ತು. ಯಾರನ್ನೂ ಕೇಳಲಿಲ್ಲ ಸಾಹೇಬರೇ. ಯಾರೂ ಹೇಳಲಿಲ್ಲ. ನನ್ನದೇ ಮೂರ್ಖತನ. ಶಾಲೆಯ ಪದ್ಯ ಒಪ್ಪಿಸುವ ಹಾಗೆ ಒಂದೂ ಮಾತು ತಪ್ಪದೆ ಹೇಳುತ್ತಿದ್ದ. ಕಲಿತು ಇಟ್ಟುಕೊಂಡಿದ್ದ. ಎಷ್ಟು ದಿನ ಹಾಸಿಗೆಯಲ್ಲಿ ಮಲಗಿ ಅದನ್ನೇ ಉರು ಹೊಡೆದನೋ.

ಎದ್ದು ಹೊರಗೆ ಹೋದೆ. "ಅವನು ನನ್ನನ್ನು ಕೇಳಿದ. ನಾನು ಹಾಕು ಅಂದೆ," ಅಂದೆ.

"ಆಕಿ ಸುಳ್ಳು ಹೇಳಾಕತ್ತಾಳ್ರಿ ಸಾಹೇಬ್ರ!" ಅಣ್ಣ ಕನ್ನಡದಲ್ಲೇ ಕೂಗಿದ. "ಅಣ್ಣನ ಮ್ಯಾಲಿನ ಮಾಯಾಕ್ಕ ಹಂಗ ಅನ್ನಾಕತ್ತಾಳ. ಬರಕೋಬ್ಯಾಡ್ರಿ!"

ಇನಾಮದಾರರಿಗೆ ಭಾಷೆ ತಿಳಿಯಲಿಲ್ಲ, ಅರ್ಥ ತಿಳಿಯಿತು. ಪೆನ್ನು ಕೆಳಗಿಟ್ಟು, ಇದನ್ನು ಬರೆದರೆ ನಿನಗೆ ಮುಂಬಯಿಯಲ್ಲಷ್ಟೇ ಅಲ್ಲ, ಯಾವ ವಿಮಾನದ ಆಫೀಸಿನಲ್ಲೂ ಜಾಗ ಸಿಗಲಾರದು, ಯೋಚನೆ ಮಾಡು ಎಂದರು. ಕ್ಯಾಪ್ಟನ್ ನನಗೆ ಹೇಳಿದ್ದು, ನಾನು ಯಾರಿಗೂ ಹೇಳದೇ ಬಿಟ್ಟದ್ದು, ಬೇಡದ ಎಣ್ಣೆ ತುಂಬಿಸಿದ್ದು, ಯಾಕೆ ತುಂಬಿಸಿದೆ ಅನ್ನುವುದು, ಎಲ್ಲ ಹೇಳಿದೆ. ಅವರು ಬರೆದುಕೊಂಡರು. ಹಿಟ್ಟಿನ ಕೈಯಲ್ಲೇ ಸಹಿ ಮಾಡಿದೆ. ಹಿಂದೆ ತಿರುಗಿದರೆ ಹೊಲದಿಂದ ಬಂದ ವೈನಿ ಹೊಸ್ತಿಲಲ್ಲಿ ನಿಂತಿದ್ದಳು.

ಅವರು ಹೋದ ಮೇಲೆ ಅಣ್ಣ ಅಂದ, "ನಿನಗ ಕೊಡಾಕ ನನ್ನ ಹಂತ್ಯಾಕ ಉಳಿದಿದ್ದು ಅದೊಂದ ಮಾತು. ಅದನ್ನೂ ಒಲ್ಲೆ ಅಂದಿ." ಗೋಡೆಯ ಕಡೆ ಹೊರಳಿ ಮಲಗಿದ.

ಒಳ್ಳೆಯದು ಮಾಡಿದೆ ಅನ್ನಿಸುತ್ತಿಲ್ಲ. ಅವನಿಗೆ ಇನ್ನೊಮ್ಮೆ ಪೆಟ್ಟು ಕೊಟ್ಟೆ ಅನ್ನಿಸುತ್ತಿದೆ.

೧೦ ಮಾರ್ಚ್, ಶಿವರಾತ್ರಿ

ಉಪವಾಸ. ಅಣ್ಣ ಪಟ್ಟಿ ಕಟ್ಟಿಸಿಕೊಳ್ಳಲು ಕಾಲು ಚಾಚುತ್ತಾನೆ, ಮುಖ ಮಾತ್ರ ಗೋಡೆಯ ಕಡೆಗೇ. ವೈನಿ ಬೆಳಿಗ್ಗೆ ಕುರ್ಚಿಯ ಮೇಲೆ ಜೋಳದ ಚೀಲ ತಂದಿಟ್ಟಳು. ನಾನು ನೆಲದ ಮೇಲೆ ಕೂತೆ.

೧೩ ಮಾರ್ಚ್, ಭಾನುವಾರ

ಇವತ್ತು ಕಟ್ಟೆ ಒಡೆಯಿತು.

ಮೊದಲು ವೈನಿ ಬೈದದ್ದು ಅಣ್ಣನಿಗೆ. "ಇಷ್ಟು ದಿನ ನಾ ಬಾಯಿಗೆ ಬಂದಂಗ ಬೈದೆ. ದೇವಿ ಮುಂದೂ ಬೈದೆ. ನೀವು ಕಲ್ಲಾಗಿ ಕುಂತ್ರಿ. ಒಂದು ಮಾತು ನನಗ ಹೇಳಬಾರದಾಗಿತ್ತೇನ್ರಿ?"

ಅಣ್ಣ ಗೋಡೆಗೇ ಉತ್ತರ ಕೊಟ್ಟ. "ನೀ ನನಗ ಬೈದ್ರ ನಾ ಎಲ್ಲಿ ಹೋಗ್ತೇನಿ? ಇಲ್ಲೇ ಬಿದ್ದಿರ್ತೇನಿ. ಆಕಿಗೆ ಬೈದ್ರ ಆಕಿ ಮತ್ತ ಈ ಮನಿಗೆ ಬರಾಂಗಿಲ್ಲ."

ವೈನಿ ನನ್ನ ಕಡೆ ತಿರುಗಿದಳು.

"ಹೋಗ್ತೀ ಏನಬೇ? ಹಾಂ? ಹೋಗು ನೋಡೂಣು! ಬಾಯಾಗ ಏನ ಇಟಗೊಂಡಿದ್ದಿ ಇಷ್ಟು ದಿನ? ನನ್ನ ಬಾಜೂ ಕೈ ಮುಗದು ನಿಂತಿ. ನನ್ನ ಗಂಡಗ ನನ್ನ ಬಾಯಿಲೆ ಬುದ್ಧಿಗೇಡಿ ಅನ್ನಿಸ್ದಿ. ಕಾಸಿದ ನೀರ ಕೊಟ್ಟೆ ನಿನಗ, ಕುರ್ಚಿ ಕೊಟ್ಟೆ. ಮಣ್ಣು ತಿಂದಿ, ಮಣ್ಣು! ನಿನ್ನ ವಿಮಾನಕ್ಕ ಬೆಂಕಿ ಹಚ್ಚಲಿ!"

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಿಂತರೆ ನಿಲ್ಲಲಿ. ನಾನು ಕೂತಲ್ಲಿಂದ ಏಳಲಿಲ್ಲ. ಒಂದೊಂದು ಬೈಗುಳ ಬಿದ್ದಾಗಲೂ ಎದೆಯೊಳಗೆ ಬಿಗಿದದ್ದು ಸಡಿಲಾಗುತ್ತಿತ್ತು. ಅಳುತ್ತಲೇ ಇದ್ದೆ. ಬೈದು ಬೈದು ಅವಳ ದನಿ ಬಿದ್ದುಹೋಯಿತು. ಮೂಗು ಒರೆಸಿಕೊಂಡು, "ಏಳು. ಹೊತ್ತಾತು, ಆತಗ ಹಸಿವಾಗ್ಯಾದ. ರೊಟ್ಟಿ ಬಡಿ," ಅಂದಳು. ಎದ್ದು ಬಡಿದೆ. ಅವಳು ಪುಂಡಿಪಲ್ಯ ಮಾಡಿದಳು.

೧೬ ಮಾರ್ಚ್, ಬುಧವಾರ

ಕಂಪನಿಯಿಂದ ತಂತಿ ಬಂತು, ಕೆಲಸಕ್ಕೆ ಬರುವುದು ಬೇಡವೆಂದು. ಅಡುಗೆಮನೆಯ ಗೂಟಕ್ಕೆ ಸಿಕ್ಕಿಸಿ ಹಿಟ್ಟು ಬೀಸಿಸಲು ಹೋದೆ. ಖಾದರಸಾಬರು ಗಿರಣಿಯ ಹತ್ತಿರ ಸಿಕ್ಕು, ಅಣ್ಣ ಡಿಪೋದ ಕೆಲಸಕ್ಕೆ ಹಾಕಿದ ಅರ್ಜಿ ಮೇಲಕ್ಕೆ ಹೋಗಿದೆ, ಆಗುವ ಹಾಗಿದೆ ಎಂದರು. ಆದರೆ ಸಾಕು.

ಒಂದು ಮಾತು ಉಳಿದಿತ್ತು. ಇನಾಮದಾರರಿಗೆ ಹೇಳಿರಲಿಲ್ಲ, ಇಲ್ಲೂ ಬರೆದಿರಲಿಲ್ಲ. ಇವತ್ತು ಪಟ್ಟಿ ಕಟ್ಟುತ್ತ ಅಣ್ಣನಿಗೆ ಹೇಳಿದೆ. ಅವತ್ತು ಅವನು ನನ್ನ ಹತ್ತಿರ ಬರುತ್ತಿದ್ದಾಗ ಸೇಠಾಣಿ ಅವನ ಖಾಕಿ ಅಂಗಿ, ಬೆವರಿದ ಕೊರಳು ನೋಡಿ, "ಯೇ ಕೌನ್ ಹೈ?" ಅಂದರು. ನಾನು ಒಂದು ಕ್ಷಣವೂ ತಡೆಯದೆ, "ಕೋಯಿ ಡ್ರೈವರ್ ಹೈ" ಅಂದೆ. ಯಾರೋ ಒಬ್ಬ ಡ್ರೈವರ್. 'ನನ್ನ ಅಣ್ಣ' ಅನ್ನಲಿಲ್ಲ. ಅದಕ್ಕೇ ಅವನನ್ನು ಅಲ್ಲಿಂದ ಓಡಿಸುವ ಅವಸರ ನನಗೆ. ಅದಕ್ಕೇ ಹೂಂ ಅಂದದ್ದು.

ಹೇಳಿ ತಲೆ ತಗ್ಗಿಸಿದೆ. ಹೋದ ಮಂಗಳವಾರ ಇನಾಮದಾರರು ಬಂದುಹೋದಾಗಿನಿಂದ ನನ್ನ ಜೊತೆ ಮಾತು ಬಿಟ್ಟವನು ಬಾಯಿ ಬಿಟ್ಟ.

"ಕೇಳ್ಸಿತ್ತು."

"ಅವಾಗ ಕೇಳ್ಸಿತ್ತೇನು?"

"ನಾ ಬಾಜೂಕ ಬಂದಿದ್ನಲ್ಲ. ಖಾದರನ ಜೋಡಿ ಗಾಡಿ ಓಡಸ್ತೇನಿ, ಅಷ್ಟು ಉರ್ದು ಬರಾಂಗಿಲ್ಲೇನು ನನಗ?"

"ಕೇಳ್ಸಿದ ಮ್ಯಾಲೂ ನೀರ ತರಾಕ ಹೋದಿ?"

ಅಣ್ಣ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ.

"ಮತ್ತ? ನಿನ್ನ ಗಾಡಿ ಕಾದಿತ್ತಲ್ಲ," ಅಂದ.